ಹತ್ತು ಗಂಟೆಯ ರೀಡಿಂಗ್

ಅಣ್ಣ ತೀರಿಕೊಂಡು ಹನ್ನೆರಡು ದಿನ ಕಳೆದ ಮೇಲೆ, ಒಂದು ಸೋಮವಾರ, ನಾನು ಅವನ ಕುರ್ಚಿಯಲ್ಲಿ ಕೂತೆ. ಮಾನ್ವಿಯಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ಅಕ್ಕಿ ತೌಡಿನಿಂದ ಎಣ್ಣೆ ತೆಗೆಯುವ ಒಂದು ಫ್ಯಾಕ್ಟರಿ. ಅವನು ಅಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಲ್ಯಾಬ್ ಎಂದರೆ ಒಂದೇ ಕೋಣೆ. ಕಲ್ಲಿನ ಕಟ್ಟೆ, ಒಂದು ತಕ್ಕಡಿ, ಗಾಜಿನ ಸಾಮಾನು. ನಾನು ಪಿಯುಸಿ ಸೈನ್ಸ್ ಓದಿದವಳು. ಮಾನ್ವಿಯ ರೈಸ್ ಮಿಲ್ಲೊಂದರಲ್ಲಿ ಭತ್ತದ ತೇವ ಅಳೆಯುತ್ತಿದ್ದೆ. ಹೊಸಬರು ಸಿಗುವ ತನಕ ಬಂದು ಕೂಡು ಎಂದು ಫ್ಯಾಕ್ಟರಿಯ ಮಾಲಕರು ಹೇಳಿಕಳಿಸಿದ್ದರು. ಅವ್ವ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ತೌಡಿನಿಂದ ಎಣ್ಣೆ ಬಿಡಿಸಲು ಒಂದು ದ್ರವ ಬೇಕು. ಪುಸ್ತಕದಲ್ಲಿ ಅದರ ಹೆಸರು ಹೆಕ್ಸೇನ್, ಫ್ಯಾಕ್ಟರಿಯಲ್ಲಿ ಸಾಲ್ವೆಂಟ್. ನೋಡಲು ನೀರೇ. ಕೈಮೇಲೆ ಬಿದ್ದರೆ ತಣ್ಣಗೆ ಮುಟ್ಟಿ, ಒದ್ದೆಯನ್ನೂ ಉಳಿಸದೆ ಹೋಗಿಬಿಡುತ್ತದೆ. ಅದನ್ನು ತುಂಬಿಡುವ ಟಾಕಿಯ ಪಕ್ಕದಲ್ಲಿ ಪಂಪಿನ ಗುಂಡಿ ಇದೆ, ಆಳು ಮುಳುಗುವಷ್ಟು ಆಳ. ಆ ಬುಧವಾರ ಮಧ್ಯಾಹ್ನ ಸೋರುತ್ತಿದ್ದ ವಾಲ್ವ್ ತಿರುಗಿಸಲು ಅಣ್ಣ ಅದರೊಳಗೆ ಇಳಿದ. ಮೇಲೆ ಬರಲಿಲ್ಲ. ಬೆಂಕಿ ಇಲ್ಲ, ಸದ್ದಿಲ್ಲ, ಮೈಮೇಲೆ ಒಂದು ಗೀರೂ ಇಲ್ಲ. ಮರುದಿನ ನಮ್ಮೂರು ದೇವದುರ್ಗದಲ್ಲಿ ಅವನಿಗೆ ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡುವಾಗಲೂ, ಈಗ ಕೆಮ್ಮುತ್ತಾನೆ ಎಂದು ನಾನು ಕಾಯುತ್ತಿದ್ದೆ.

ಅಂದಿನಿಂದ ಫ್ಯಾಕ್ಟರಿ ನಿಂತಿತ್ತು. ಟಾಕಿಯ ಮಾಲು ಹಾಗೇ ಇತ್ತು. ನಾನು ಹೋದ ದಿನವೇ ಸೇಫ್ಟಿ ನೋಡುವ ಸಾಹೇಬರು ರಾಯಚೂರಿನಿಂದ ಬಂದಿದ್ದರು. ಅವರು ಆಗಬಹುದು ಎಂದು ಬರೆದುಕೊಟ್ಟರೆ ಮರುದಿನ ಗುಂಡಿಗೆ ಇಳಿದು ಪಂಪು ಬಿಚ್ಚುವುದಿತ್ತು. ಇಳಿಯಬೇಕಾದವರು ಪಂಪಿನ ಕೆಲಸದ ಕಾಕಾ. ಅಣ್ಣನಿಗೆ ಹಗ್ಗ ಹಾಕಿ ಮೇಲೆತ್ತಿದವರೂ ಅವರೇ.

"ಟಾಕಿಯೊಳಗಿನ ಮಾಲಿಂದು ಡೆನ್ಸಿಟಿ ಬೇಕ್ರಿ," ಎಂದರು ಸಾಹೇಬರು. "ಅದು ಎಂಥಾ ಮಾಲು ಅನ್ನೋದು ಗೊತ್ತಾಗಲಾರದ ನಾ ಯಾರಿಗೂ ಇಳೀರಿ ಅನ್ನಂಗಿಲ್ಲ. ಹತ್ತರ ರೀಡಿಂಗ್ ಕೊಡ್ರಿ, ಸಾಕು." ಹೇಳಿ ಗುಂಡಿಯ ಕಡೆಗೆ ನಡೆದರು.

ಡ್ರಾಯರಿನಲ್ಲಿ ಅಣ್ಣನ ರಿಜಿಸ್ಟರ್ ಇತ್ತು. ದಿನಕ್ಕೊಂದು ಸಾಲು. ತಾರೀಖು, ಹತ್ತು ಗಂಟೆ, ಉಷ್ಣತೆ, ಸಾಂದ್ರತೆ, ಸಹಿ. ಕೊನೆಯ ಸಾಲು ಹುಡುಕುತ್ತ ಬೆರಳು ಕೆಳಗೆ ತಂದೆ. ಅವನು ಸತ್ತ ಬುಧವಾರ ಸಿಕ್ಕಿತು. ಅದರ ಕೆಳಗೆ ಗುರುವಾರವೂ ಇತ್ತು. ಆ ಹೊತ್ತಿಗೆ ನಾವು ಅವನ ಮೈ ತೊಳೆಯುತ್ತಿದ್ದೆವು. ಶುಕ್ರವಾರ ಇತ್ತು. ಶನಿವಾರ ಇತ್ತು. ಭಾನುವಾರ ರಜೆ ಎಂದು ಗೀಟು ಎಳೆದಿದ್ದ. ಮತ್ತೆ ಸೋಮವಾರದಿಂದ ಅದೇ ಅಕ್ಷರ, ಅದೇ ನೀಲಿ ಪೆನ್ನು. ನನ್ನ ಬೆರಳು ಇವತ್ತಿನ ತಾರೀಖಿಗೆ ಬಂದು ನಿಂತಿತು. ಹತ್ತು ಗಂಟೆ. ಇಪ್ಪತ್ತೊಂಬತ್ತು ಡಿಗ್ರಿ. 0.672. ಅಣ್ಣನ ಸಹಿ.

ಗೋಡೆಯ ಗಡಿಯಾರ ನೋಡಿದೆ. ಇನ್ನೂ ಹತ್ತಕ್ಕೆ ಕಾಲು ಗಂಟೆ ಇತ್ತು.

ಪುಸ್ತಕ ಮುಚ್ಚಿ ಮತ್ತೆ ತೆಗೆದೆ. ನಾಳೆಯದೂ ಆಗಿತ್ತು. ತಿಂಗಳ ಕೊನೆಯ ತನಕ ಆಗಿತ್ತು.

ಕಾಕಾ ಬಾಗಿಲಲ್ಲಿ ಬಂದು ನಿಂತಿದ್ದರು. ಪುಟವನ್ನು ಅವರ ಕಡೆ ತಿರುಗಿಸಿದೆ.

"ಕಾಕಾ, ಇದೇನ್ರಿ ಇದು?"

ಅವರು ನಗಲು ಹೋದರು, ನಗು ಅರ್ಧಕ್ಕೆ ನಿಂತಿತು. "ನಿಮ್ಮಣ್ಣ ಪಂಚಾಂಗ ಬರೀತಿದ್ದನವ್ವಾ. ಒಂದನೇ ತಾರೀಖಿಗೇ ಇಡೀ ತಿಂಗಳದ್ದು ಬರದು ಮುಗಿಸಿಬಿಡ್ತಿದ್ದ. ಯಾವಾಗ ಅಳದ್ರೂ ಅದೇ ಬರತದ ಕಾಕಾ, ಅಂತಿದ್ದ. ಲಾರಿ ತೂಕಕ್ಕೂ ಅವನ, ಚೀಟಿ ಬರಿಯಾಕೂ ಅವನ, ಲ್ಯಾಬಿಗೂ ಅವನ. ಒಂದು ಜೀವ ಎಲ್ಲೆಲ್ಲಿ ಓಡ್ಯಾಡಬೇಕು?"

"ಸಾಲ್ವೆಂಟಿನ ಕೊನೀ ಟ್ಯಾಂಕರ್ ಬಂದಾಗರ ಅಳದಿದ್ದನೇನ್ರಿ?"

"ಅವ ಹೋಗೋದಕ್ಕ ಎರಡು ದಿನ ಮುಂಚೆ ಬಂತು. ಅಳತಿ ಮೊದಲ ಬರದಿಟ್ಟಿದ್ದನಲ್ಲ." ಆಮೇಲೆ ದನಿ ಇಳಿಸಿದರು. "ಕೇಳಿಲ್ಲಿ ಯವ್ವಾ. ಇವತ್ತಿಂದೂ ಬರದಿಟ್ಟಾನ. ಅದನ್ನ ಚೀಟಿ ಮ್ಯಾಲ ಇಳಿಸಿ ಕೊಟ್ಟುಬಿಡು. ಸತ್ತಾವನ ಹೆಸರು ಯಾಕ ಕೆಡಸ್ತಿ? ನಾ ಆ ಗುಂಡಿ ನೂರು ಸಲ ಇಳಿದೀನಿ."

"ಅಣ್ಣನೂ ಇಳಿದಿದ್ದ, ಕಾಕಾ."

"ಬಾಯಿ ಮಾತ್ರ ನಿಂದೂ ಅವಂದೂ ಒಂದೇ ನೋಡು," ಎಂದು ಅವರು ಹೊರಗೆ ಹೋದರು.

ಪುಸ್ತಕದ ಅಂಕಿ ಕೊಟ್ಟರೆ ಅಣ್ಣನ ಹೆಸರು ಉಳಿಯುತ್ತದೆ, ನಾಳೆ ಕಾಕಾ ಗುಂಡಿಗೆ ಇಳಿಯುತ್ತಾರೆ. ಅಳೆದಾಗ ಬೇರೆ ಬಂದರೆ, ಅವನು ನೋಡದೆ ಬರೆದ ಎಂದು ಊರಿಗೆಲ್ಲ ತಿಳಿಯುತ್ತದೆ. ಅವನು ಬರೆದದ್ದೇ ಬರಲಿ ಎಂದು ಬೇಡಿಕೊಳ್ಳುತ್ತ ನಾನು ಫ್ಯಾನ್ ಆರಿಸಿ ಅಳತೆಗೆ ನಿಂತೆ.

ಬೆಳಿಗ್ಗೆ ಟಾಕಿಯಿಂದ ತೆಗೆದ ಬಾಟಲಿ ಕಟ್ಟೆಯ ಮೇಲಿತ್ತು. ಅದನ್ನು ಉದ್ದನೆಯ ಗಾಜಿನ ಜಾಡಿಗೆ ಸುರಿದೆ. ಕಿಟಕಿಯ ಬಿಸಿಲು ಜಾಡಿಯನ್ನು ದಾಟಿ ಸುಣ್ಣದ ಗೋಡೆಗೆ ಬಿದ್ದಿತ್ತು. ಗೋಡೆಯ ಮೇಲೆ ಜಾಡಿಯ ನೆರಳು, ಅದನ್ನು ಹಿಡಿದ ನನ್ನ ಕೈಯ ನೆರಳು, ಇನ್ನೂ ಒಂದು ನೆರಳು. ಅದು ಜಾಡಿಯ ಬಾಯಿಂದ ಹೊರಬಂದು, ಪಾಕದ ಹಾಗೆ ನಿಧಾನ ಬಳುಕುತ್ತ, ಕಟ್ಟೆಯ ಅಂಚು ದಾಟಿ ನೆಲದ ಕಡೆಗೆ ಇಳಿಯುತ್ತಿತ್ತು. ಜಾಡಿಯನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಗೋಡೆ ನೋಡಿದೆ. ಇಳಿಯುತ್ತಲೇ ಇತ್ತು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

ಥರ್ಮಾಮೀಟರ್ ಅದ್ದಿದೆ. ಇಪ್ಪತ್ತೊಂಬತ್ತು ಡಿಗ್ರಿ. ಅಣ್ಣ ಹನ್ನೆರಡು ದಿನದ ಆಚೆಯಿಂದ ಹೇಳಿದ್ದು ಸರಿಯಾಗಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಆಮೇಲೆ ಹೈಡ್ರೋಮೀಟರ್. ಡೇರಿಯವರು ಹಾಲಿಗೆ ಬಿಟ್ಟು ನೋಡುವ ಗಾಜಿನ ಬುರುಡೆಯಂಥದ್ದು. ದ್ರವ ಭಾರವಿದ್ದರೆ ಮೇಲೆ ತೇಲುತ್ತದೆ, ಹಗುರವಿದ್ದರೆ ಮುಳುಗುತ್ತದೆ. ಎಷ್ಟು ಮುಳುಗಿತು ಎಂದು ಅದರ ಕುತ್ತಿಗೆಯ ಗೆರೆಗಳಲ್ಲಿ ಓದಬೇಕು. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಬಿಟ್ಟೆ. ಅದು ನಿಲ್ಲಲಿಲ್ಲ. ಗೆರೆಗಳು ಒಂದೊಂದಾಗಿ ಒಳಗೆ ಹೋದವು, ಕುತ್ತಿಗೆ ಹೋಯಿತು, ತುದಿ ಹೋಯಿತು. ತಳಕ್ಕೆ ಮುಟ್ಟಿದ ಸಣ್ಣ ಸದ್ದು ಕೇಳಿತು.

ತೆಗೆದು, ಒರೆಸಿ ಮತ್ತೆ ಬಿಟ್ಟೆ. ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಮತ್ತೆ ಹೋಯಿತು.

ಇನ್ನೊಂದು ದಾರಿ ಇತ್ತು. ಅಳತೆಯ ಸಣ್ಣ ಬಾಟಲಿಯನ್ನು ಖಾಲಿ ತೂಗಬೇಕು, ತುಂಬಿಸಿ ತೂಗಬೇಕು, ಒಳಗಿನ ದ್ರವದ ತೂಕವನ್ನು ಬಾಟಲಿಯ ಅಳತೆಯಿಂದ ಭಾಗಿಸಬೇಕು. ಬಿಸಿಗೆ ದ್ರವ ಹಿಗ್ಗಿ ಹಗುರಾಗುವುದರಿಂದ, ಗೋಡೆಗೆ ಅಂಟಿಸಿದ ಉಷ್ಣತೆಯ ಪಟ್ಟಿ ನೋಡಿ ಅದನ್ನು ಸರಿಪಡಿಸಬೇಕು. ಮೂರು ಸಲ ಮಾಡಿದೆ. ಮೂರು ಸಲವೂ 0.641.

ರಿಜಿಸ್ಟರಿನಲ್ಲಿ ಇವತ್ತಿನ ಸಾಲಿನಲ್ಲಿ ನನಗೆ ಜಾಗವಿರಲಿಲ್ಲ. ಪುಟದ ಅಂಚಿನಲ್ಲಿ, ಅವನ ಸಹಿಯ ಆಚೆ, ಅಂಕಿ ಬರೆದು ನನ್ನ ಸಹಿ ಹಾಕಿದೆ.

ಸಾಹೇಬರು ತಿರುಗಿ ಬಂದು ಎರಡೂ ಅಂಕಿ ನೋಡಿದರು. ಪುಟ ಮಗುಚಿ ಮುಂದಿನ ದಿನಗಳನ್ನೂ ನೋಡಿದರು.

"ಇವರು ನಿಮಗ ಏನಾಗಬೇಕ್ರಿ?"

"ಅಣ್ಣ."

ಅವರು ಪುಸ್ತಕ ಮುಚ್ಚಿದರು. "ಸಾಲ್ವೆಂಟಿಗೆ ಬ್ಯಾರೆ ಏನೋ ಹಗುರಂದು ಕಲಸ್ಯಾರ. ಇಂಥದ್ದು ಭಾಳ ಲಗು ಆವಿ ಆಗತದ. ಮಾಲು ಹಗುರದ ಖರೆ, ಆವಿ ಗಾಳಿಗಿಂತ ಭಾರ. ತೆಗ್ಗು ಹುಡುಕ್ಕೊಂಡು ಹೋಗಿ ಕೂಡತದ. ಅಲ್ಲಿ ಉಸಿರಿಗೆ ಗಾಳಿ ಉಳಿಯಂಗಿಲ್ಲ." ಬಾಗಿಲಲ್ಲಿದ್ದ ಕಾಕಾನ ಕಡೆ ತಿರುಗಿದರು. "ಗುಂಡಿಗೆ ಯಾರೂ ಇಳಿಯಂಗಿಲ್ಲ. ಮೊದಲು ಟಾಕಿ ಖಾಲಿ ಆಗಬೇಕು."

ಕಾಕಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನ್ನ ಕಡೆ ನೋಡಲಿಲ್ಲ.

ಬೇರೆಯವರ ಬಾಯಿಂದ ಅವ್ವನಿಗೆ ಸುದ್ದಿ ಹೋಗುವ ಮೊದಲು ನಾನೇ ಹೇಳಬೇಕೆಂದು ಮಾನ್ವಿಗೆ ಬಂದು ದೇವದುರ್ಗದ ಬಸ್ಸು ಹಿಡಿದೆ. ಅವ್ವ ತಾನು ಕೆಲಸ ಮಾಡುವ ಹಾಸ್ಟೆಲಿನ ಅಡಿಗೆ ಮುಗಿಸಿ ಬಂದು ಮೆಂತ್ಯೆಪಲ್ಲೆಯ ಎಲೆ ಬಿಡಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ. ಅವಳ ಬೆರಳುಗಳು ನಿಂತವು.

"ಸಾಲ್ಯಾಗೂ ಹಂಗ ಮಾಡ್ತಿದ್ದ," ಎಂದಳು. "ಲೆಕ್ಕ ಬಿಡಸೂಕಿಂತ ಮೊದಲ ಉತ್ತರ ಬರೀತಿದ್ದ. ಮಾಸ್ತರು ಹೊಡೀತಿದ್ರು." ಆಮೇಲೆ ಕೇಳಿದಳು, "ಅಳತಿ ಮಾಡಿದ್ರ ಇರ್ತಿದ್ನೇನು?"

"ಕಲಬೆರಕಿ ಅಂತ ಗೊತ್ತಾಗಿ ಟ್ಯಾಂಕರ್ ವಾಪಸ್ ಹೋಗ್ತಿತ್ತು ಯವ್ವಾ. ಇರ್ತಿದ್ದ."

ಅವಳು ಅಳಲಿಲ್ಲ. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದಳು.

"ನಾಳಿಗೆ ಆ ಗುಂಡ್ಯಾಗ ಯಾರು ಇಳೀತಾರ?"

"ಯಾರೂ ಇಲ್ಲ."

"ಹಂಗಾರ ಊಟ ಮಾಡು," ಎಂದು ಅವ್ವ ಎದ್ದಳು.