ಪಕ್ಷದ ನಿಧಿಗೆ ಓಡಿದ ಪಂಚಾಯಿತಿ ಜೀಪು

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಒಂದು ತಾಲ್ಲೂಕು ಪಂಚಾಯಿತಿಗೆ ನಾನು ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದೆ. ಜನರ ಬಾಯಲ್ಲಿ ಇ.ಓ. ಮೇಡಂ. ಯಾವ ತಾಲ್ಲೂಕೆಂದು ಹೇಳುವುದಿಲ್ಲ, ಆಗಿನವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ನಮ್ಮಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ ಜೀಪು. ಬೇಸಿಗೆಯಲ್ಲಿ ಹಳ್ಳಿಯ ಬೋರ್‌ವೆಲ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆದೊಯ್ಯುವುದೂ ಅದೇ.

ಒಂದು ಬೇಸಿಗೆ ಪಂಚಾಯಿತಿ ಅಧ್ಯಕ್ಷರ ಪಕ್ಷದ ಸಮಾವೇಶವಿತ್ತು. ನಿಧಿ ಸಂಗ್ರಹದ ಹೊಣೆ ನಮ್ಮ ಅಧ್ಯಕ್ಷ ಗೌಡರ ಮೇಲೆ ಬಿತ್ತು. ಅವರು ಜೀಪು ಹತ್ತಿ ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಶೇಂಗಾ ಮಿಲ್ಲು, ದಲ್ಲಾಳಿ ಅಂಗಡಿಗಳನ್ನೆಲ್ಲ ಸುತ್ತಿ ಬಂದರು. ಡೀಸೆಲ್ ಬಿಲ್ಲು ನನ್ನ ಮೇಜಿಗೆ ಬಂದಾಗ ಕಾರಣ ‘ಕುಡಿಯುವ ನೀರಿನ ಪರಿಶೀಲನೆ’ ಎಂದಿತ್ತು. ಸಹಿ ಹಾಕದೆ ಅವರ ಕೊಠಡಿಗೆ ಹೋದೆ.

ಗೌಡರು ಕೆಟ್ಟವರಲ್ಲ. ಕೂರಿಸಿ, ಚಹಾ ತರಿಸಿದರು. “ಪಕ್ಷದ ಕೆಲಸ ಅಂದ್ರೂ ಜನರ ಕೆಲಸಾನ ಅಲ್ಲೇನ್ರಿ ಮೇಡಂ? ನಾ ಏನ್ ಮನಿಗೆ ಒಯ್ದೀನಿ?”

“ಈ ಡೀಸೆಲ್ಲಿನಾಗ ನಿಮಗ ಓಟು ಹಾಕದವರ ತೆರಿಗಿನೂ ಐತ್ರಿ, ಗೌಡ್ರ,” ಎಂದೆ. “ಸರ್ಕಾರಿ ಜೀಪು ಅಂಗಡಿ ಮುಂದ ಬಂದು ನಿಂತ್ರ ಯಾವ ಸಾವ್ಕಾರ ಇಲ್ಲ ಅಂತಾನ್ರಿ?”

ಅವರ ಮುಖ ಬಿಗಿಯಿತು. “ಸಹಿ ಆಗಲಿಲ್ಲ ಅಂದ್ರ ಬೀದರಿಗೆ ಹೋಗಾಕ ತಯಾರಾಗ್ರಿ.”

ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಪತಿ ಅದೇ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆಯಲ್ಲಿ ವಿಷಯ ಹೇಳಿದಾಗ ಅವರೆಂದರು, “ಬೀದರಿನಾಗೂ ಮಂದಿ ಅದಾರ. ಸಹಿ ಮಾತ್ರ ಹಾಕಬ್ಯಾಡ.”

ಪಂಚಾಯಿತಿಯ ಖರ್ಚಿಗೆ ಸಾಮಾನ್ಯ ಸಭೆಯ, ಅಂದರೆ ಚುನಾಯಿತ ಸದಸ್ಯರೆಲ್ಲರ ಒಪ್ಪಿಗೆ ಬೇಕು. ಸಭೆಯಲ್ಲಿ ವಿಷಯಗಳನ್ನು ಓದುವವಳು ನಾನು. ಆ ಬಿಲ್ಲಿನ ಸರದಿ ಬಂದಾಗ ಹೇಳಿದೆ: “ಈ ಪ್ರಯಾಣ ಪಕ್ಷದ ನಿಧಿ ಸಂಗ್ರಹಕ್ಕೆ ಆದದ್ದು. ನಾನು ಮಂಜೂರು ಮಾಡಿಲ್ಲ. ತೀರ್ಮಾನ ಸಭೆಯದು.”

ಎದುರು ಪಕ್ಷದವರು ಕೂಗಾಡಿದರು. ಗೌಡರು ಅದಕ್ಕೆಲ್ಲ ಜಗ್ಗುವವರಲ್ಲ. ಆಗ ಅವರದೇ ಪಕ್ಷದ ಸದಸ್ಯೆ ಗಂಗಮ್ಮ ಎದ್ದು ನಿಂತರು.

“ಅವತ್ತ ನಮ್ಮೂರ ಬೋರು ಕೆಟ್ಟಿತ್ತು. ಮೆಕ್ಯಾನಿಕ್‌ನ ಕರ್ಕೊಂಡು ಹೋಗಾಕ ಜೀಪು ಕೇಳಿದ್ರ ಇಲ್ಲ ಅಂದ್ರು. ಹೆಣ್ಮಕ್ಕಳೆಲ್ಲಾ ಬಿಸಿಲಾಗ ಹೊಲದ ಬಾವಿಯಿಂದ ನೀರು ಹೊತ್ವಿ. ನಾನೂ ನಿಮ್ಮ ಪಕ್ಷದಾಕಿನ. ಆ ಜೀಪು ಎಲ್ಲಿತ್ರಿ, ಗೌಡ್ರ?”

ಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೊಟ್ಟೂರಾಗಿತ್ತವ್ವ. ತಪ್ಪಾತು. ಆ ಬಿಲ್ಲು ನಾನ ಕಟ್ತೀನಿ.”

ಪಕ್ಷಭೇದವಿಲ್ಲದೆ ಎಲ್ಲರೂ ಮೇಜು ಬಡಿದರು. ಪಂಚಾಯಿತಿ ವಾಹನವನ್ನು ಯಾವ ಪಕ್ಷದ ಓಡಾಟಕ್ಕೂ ಕೊಡಬಾರದೆಂಬ ನಿರ್ಣಯವನ್ನು ಗೌಡರೇ ಮಂಡಿಸಿದರು. ಹೊರಗೆ ಬಂದಾಗ ಗಂಗಮ್ಮ ನನ್ನ ಕೈ ಹಿಡಿದು ನಕ್ಕರು. ಅಂದು ನಾನು ಮನೆಗೆ ನಡೆದು ಹೋದದ್ದಲ್ಲ, ಹಾರಿ ಹೋದದ್ದು.

ಬೀದರಿನ ಆದೇಶ ಬರಲೇ ಇಲ್ಲ. ಕೆಲವು ತಿಂಗಳ ಮೇಲೆ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಗೌಡರು ಸಿಕ್ಕರು. ಪಕ್ಷದ ಕೆಲಸಕ್ಕೇ ಹೊರಟಿದ್ದರು, ಕೆಂಪು ಬಸ್ಸಿನಲ್ಲಿ. “ಈಗ ಕೈಮುಗಿದು ಕೇಳಬೇಕಾಗೈತ್ರಿ ಮೇಡಂ. ಬರೋದು ಕಡಿಮಿ. ಆದ್ರ ಕೊಡೋರು ನಕ್ಕೋಂತ ಕೊಡ್ತಾರ.”

ಮುಚ್ಚಿದ ಕೊಠಡಿಯಲ್ಲಷ್ಟೇ ‘ಇಲ್ಲ’ ಎಂದಿದ್ದರೆ ಅದು ಒಬ್ಬ ಅಧಿಕಾರಿಯ ಹಟವೆನಿಸಿ ವರ್ಗಾವಣೆಯಲ್ಲಿ ಮುಗಿಯುತ್ತಿತ್ತು. ಜನರ ದುಡ್ಡಿನ ಪ್ರಶ್ನೆಯನ್ನು ಜನರ ಮುಂದೆಯೇ ಇಡಬೇಕು. ಅವರಿಗೆ ಉತ್ತರ ಗೊತ್ತಿರುತ್ತದೆ.