ಉಗುರು ಇಳಿಯದ ಟೈರು

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಅನುಮಾನಪಡುವ ಕೆಲಸ ಮಾಡುತ್ತಿದ್ದೇನೆ. ಉಳಿದವರು ಅದನ್ನು ಅಡಿಕೆಯ ದರ್ಜೆ ನೋಡುವುದು ಎನ್ನುತ್ತಾರೆ. ಚೀಲದ ಬಾಯಲ್ಲಿ ಕಾಣುವ ಅಡಿಕೆಯನ್ನು ನಾನು ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತೇನೆ. ಉಗುರು ಊರಿ ನೋಡುತ್ತೇನೆ; ಇಳಿದರೆ ಹಸಿ. ಅಂಗೈಯಲ್ಲಿ ತೂಗಿ ನೋಡುತ್ತೇನೆ. ಹಗುರವಾದರೆ ಒಳಗೆ ಪೊಳ್ಳು. ಎರಡನ್ನು ಒಂದಕ್ಕೊಂದು ತಾಗಿಸಿದರೆ ಟಣ್ ಎನ್ನಬೇಕು. ಅದರಲ್ಲೂ ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ, ವರ್ಷ ಕಳೆದಷ್ಟೂ ಮರ್ಯಾದೆ ಪಡೆಯುತ್ತದೆ. ಹೊಸ ಚಾಲಿಯ ಪಕ್ಕದಲ್ಲಿ ಹಳೇ ಚಾಲಿ ಇಟ್ಟರೆ ಖರೀದಿದಾರರು ಹಳೆಯದರ ಕಡೆಗೇ ಕೈ ಚಾಚುತ್ತಾರೆ.

ಇದೇ ಕಣ್ಣನ್ನು ಮನೆಗೂ ತರುತ್ತೇನೆ ಎಂಬುದು ಹೆಂಡತಿಯ ದೂರು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುತ್ತೇನೆ. ನೆಂಟರು ಹೇಳದೆ ಬಂದರೆ ಚಹಾ ಮುಗಿಯುವವರೆಗೂ ಅವರು ಬಂದ ಕಾರಣ ಹುಡುಕುತ್ತಿರುತ್ತೇನೆ. ದೂರು ಸುಳ್ಳಲ್ಲ.

ಅವಳು ಸಿದ್ದಾಪುರದ ಹೈಸ್ಕೂಲಿನಲ್ಲಿ ಶಿಕ್ಷಕಿ. ಮೂವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತಳು. ಅಂದಿನಿಂದ ಒಂಬತ್ತು ವರ್ಷ ತನ್ನ ಸಣ್ಣ ಬಿಳಿ ಕಾರಿನಲ್ಲಿ ದಿನವೂ ಹೋಗಿ ಬರುತ್ತಾಳೆ. ನಾನು ಬೈಕಿನವನು, ಕಾರು ಓಡಿಸಲು ಬಂದರೂ ಊರೊಳಗಷ್ಟೇ. ಭಾನುವಾರ ಮಾತ್ರ ಅವಳ ಪಕ್ಕದಲ್ಲಿ ಕೂರುತ್ತೇನೆ. ಕೂತಷ್ಟು ಹೊತ್ತೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ, ತಿರುವಿಗೊಂದು 'ಸಾವಕಾಶ' ಹೇಳುತ್ತೇನೆ. ಅವಳ ಕಾರಿಗೆ ನಾನು ಕೊಟ್ಟದ್ದು ಅದೊಂದೇ ಶಬ್ದ. ಗಾಳಿ, ಆಯಿಲ್, ಪಂಕ್ಚರ್ ಎಲ್ಲವನ್ನೂ ಅವಳೇ ನೋಡಿಕೊಂಡಿದ್ದಾಳೆ.

ಒಂದು ಸಂಜೆ ಅವಳು ಮೊಬೈಲ್ ತೋರಿಸಿದಳು. ಯಲ್ಲಾಪುರದ ಹತ್ತಿರ ಬಯಲಿನಲ್ಲಿ ಆಟೋಕ್ರಾಸ್ ಇದೆಯಂತೆ. ಮಣ್ಣಿನ ಮೈದಾನದಲ್ಲಿ ಕೆಂಪು ಕೋನುಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಮ್ಮೆಗೆ ಒಂದೇ ಕಾರು ಓಡುತ್ತದೆ, ಪೈಪೋಟಿ ಗಡಿಯಾರದ ಜೊತೆ. ಕೋನು ಬಿದ್ದರೆ ಸೆಕೆಂಡುಗಳು ಸೇರುತ್ತವೆ. ದಿನಬಳಕೆಯ ಕಾರುಗಳಿಗೇ ಒಂದು ವಿಭಾಗ, ಅದರಲ್ಲಿ ಹೆಂಗಸರಿಗೆ ಬೇರೆ ಪಟ್ಟಿ.

"ಇದರಾಗ ನಿಂಗೇನ್ ಕೆಲ್ಸ?" ಎಂದೆ. ಯಾರು ತಲೆ ಕೆಡಿಸಿದರು ಎಂಬುದು ನನ್ನ ನಿಜವಾದ ಪ್ರಶ್ನೆಯಾಗಿತ್ತು.

"ಒಂದ್ಸಲ ಓಡ್ಸಿ ನೋಡ್ಬೇಕಾಗೇತ್ರಿ," ಎಂದಳು. "ನಂಗ ಎಷ್ಟ್ ಬರ್ತೈತಿ ಅಂತ ನಂಗ ಗೊತ್ತಾಗ್ಬೇಕು. ಬಾಜೂಕ ಕುಂತು ಸಾವಕಾಶ ಅನ್ನೋರು ಇರಬಾರ್ದು."

ಅವಳು ನಗುತ್ತಲೇ ಹೇಳಿದ್ದು. ಆದರೆ ಹೆಸರು ಆಗಲೇ ಕೊಟ್ಟಾಗಿತ್ತು. ಕಾರಿನ ಟೈರು ಸವೆದಿದ್ದವು, ಹೇಗೂ ಬದಲಿಸಬೇಕಿತ್ತು. ಬದಲಿಸುವಾಗ ಶಾಲೆಗೂ ಬಯಲಿಗೂ ಎರಡಕ್ಕೂ ಆಗುವಂಥದ್ದು ಹಾಕಿಸಬೇಕು ಎಂಬುದು ಅವಳ ಲೆಕ್ಕಾಚಾರ. ಪರೀಕ್ಷೆಯ ಪೇಪರು ತಿದ್ದುವ ವಾರ ಅದು, ಅವಳಿಗೆ ಬಿಡುವಿರಲಿಲ್ಲ. "ನೋಡಿ ತರೋದು ನಿಮ್ ಕೆಲ್ಸಾನ ಅಲ್ಲೇನ್ರಿ? ನೀವ ಹೋಗ್ರಿ," ಎಂದಳು. ಹಾಗೆ ಹೇಳಿದವಳು ಜಗಲಿಗೆ ಹೋಗಿ ಟೈರಿನ ಅಂಗಡಿಯ ಸಾಹೇಬರಿಗೆ ಫೋನ್ ಮಾಡಿದಳು. ಮೆಲ್ಲಗೆ ಮಾತಾಡಿದಳು, ಮಧ್ಯೆ ಎರಡು ಸಲ ನಕ್ಕಳು. ನಾನು ದಿನಪತ್ರಿಕೆ ಓದುವವನಂತೆ ಕೂತು ಎಣಿಸಿದೆ. ಟೈರಿನ ವಿಷಯದಲ್ಲಿ ನಗುವುದಕ್ಕೆ ಏನಿದೆ?

ಗುರುವಾರ ಅವಳು ಬಸ್ಸಿನಲ್ಲಿ ಶಾಲೆಗೆ ಹೋದಳು, ನಾನು ಕಾರು ತೆಗೆದುಕೊಂಡು ಸಾಹೇಬರ ಅಂಗಡಿಗೆ ಹೋದೆ. ಐವತ್ತು ದಾಟಿದ ಮನುಷ್ಯ, ತಂದೆಯ ಕಾಲದಿಂದ ಅದೇ ಅಂಗಡಿ. "ಬನ್ನಿ ಅಣ್ಣಾ, ಅಕ್ಕೋರು ಎಲ್ಲಾ ಹೇಳಿದಾರೆ," ಎಂದು ಕುರ್ಚಿ ಒರೆಸಿದರು. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಎಲ್ಲಾ ಎಂದರೆ ಏನೇನು ಎಂದು ನನಗೆ ಅಲ್ಲಿಂದಲೇ ಶುರುವಾಯಿತು.

ಅವರು ನಾಲ್ಕು ಟೈರು ತಂದು ಮುಂದೆ ನಿಲ್ಲಿಸಿದರು. "ಮಣ್ಣು ಹಿಡೀಬೇಕಂದ್ರೆ ರಬ್ಬರ್ ಮೆತ್ತಗಿರ್ಬೇಕು ಅಣ್ಣಾ. ಪೂರಾ ಮಣ್ಣಿಂದೇ ಹಾಕೋಕಾಗಲ್ಲ, ಅಕ್ಕೋರು ದಿನಾ ಡಾಂಬರ್ ಮೇಲೆ ಹೋಗ್ಬೇಕು. ಇವು ಎರಡಕ್ಕೂ ನಡೀತಾವೆ."

ದೊಡ್ಡ ರಿಮ್ಮು ಹಾಕಿದರೆ ಹೇಗೆ ಎಂದು ಕೇಳಿದೆ, ಅವರ ಮುಖ ನೋಡುವುದಕ್ಕಾಗಿಯೇ. ಬೇಡ ಎಂದರು. ರಿಮ್ಮು ದೊಡ್ಡದಾದರೆ ರಬ್ಬರಿನ ಗೋಡೆ ಗಿಡ್ಡವಾಗುತ್ತದೆ, ಗುಂಡಿಗೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೇ. ಈಗಿರುವ ಹದಿನಾಲ್ಕು ಇಂಚೇ ಇರಲಿ, ಬೇಕಿದ್ದರೆ ಕಬ್ಬಿಣ ತೆಗೆದು ಅಲಾಯ್ ಹಾಕೋಣ, ಹಗುರ, ಗಾಡಿ ಬೇಗ ಏಳುತ್ತದೆ ಎಂದು ಒಂದನ್ನು ಕೈಗೆ ಕೊಟ್ಟರು. ದೊಡ್ಡದನ್ನು ಕೊಳ್ಳಬೇಡಿ ಎನ್ನುವ ಅಂಗಡಿಯವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಂಗೈಯಲ್ಲಿ ತೂಗಿದೆ. ಹಗುರವೇ. ಒಳಗೊಳಗೇ ಪೊಳ್ಳು ಎಂದು ಬರೆದುಕೊಂಡೆ.

ಆಮೇಲೆ ಟೈರಿಗೆ ಉಗುರು ಊರಿದೆ. ಇಳಿಯಿತು! ಹಸಿ ಅಡಿಕೆಯನ್ನು ಒಣಗಿದ್ದೆಂದು ಮಾರಲು ಬಂದವರ ಮುಂದೆ ಹೇಗೆ ಮುಖ ಮಾಡುತ್ತೇನೋ ಹಾಗೇ ಮಾಡಿ ಎದ್ದು ಅಂಗಡಿಯೊಳಗೆ ನಡೆದೆ. ತಳಕ್ಕೆ ಕೈ ಹಾಕುವುದು ನನ್ನ ರೂಢಿ. ಹಿಂದಿನ ಮೂಲೆಯಲ್ಲಿ, ಗೋಣಿಚೀಲದ ಅಡಿಯಲ್ಲಿ ನಾಲ್ಕು ಟೈರು ಇದ್ದವು. ಒಂದು ದಿನವೂ ಓಡಿದವಲ್ಲ, ಗೀರುಗಳೆಲ್ಲ ಸವೆಯದೆ ಆಳವಾಗಿಯೇ ಇದ್ದವು. ಉಗುರು ಊರಿದೆ, ಇಳಿಯಲಿಲ್ಲ. ಬೆರಳ ಗಂಟಿನಿಂದ ಬಡಿದೆ, ಗಟ್ಟಿ ಸದ್ದು ಬಂತು. ಒಳ್ಳೆಯ ಮಾಲು ಯಾವತ್ತೂ ಹಿಂದೆಯೇ ಇರುತ್ತದೆ ಎಂದು ಎದೆ ಉಬ್ಬಿತು.

ಸಾಹೇಬರು ಓಡಿ ಬಂದರು. "ಅದು ಬೇಡ ಅಣ್ಣಾ. ಕೈಗಾಡಿಗೆ ಕೇಳೋರಿಗೆ ಅಂತ ಇಟ್ಟಿದ್ದು. ಇಲ್ನೋಡಿ, ತಯಾರಾದ ವಾರ, ವರ್ಷ ಬರ್ದಿದೆ. ಆರು ವರ್ಷದ್ದು."

ಆರು ವರ್ಷ! ಹಳೇ ಚಾಲಿ. ಇನ್ನು ನನ್ನನ್ನು ಹಿಡಿಯುವವರಾರು? ಅವರು ಬೇಡ ಎಂದಷ್ಟೂ ನನಗೆ ಅವೇ ಬೇಕಾದವು. ಮುಕ್ಕಾಲು ಗಂಟೆ ವಾದವಾಯಿತು. ಕೊನೆಗೆ ಅವರು "ಅಕ್ಕೋರು ನಂಗೆ ಬೈತಾರೆ" ಎನ್ನುತ್ತಲೇ ಹಳೆಯ ಕಬ್ಬಿಣದ ರಿಮ್ಮಿಗೇ ಅವನ್ನು ಹಾಕಿಕೊಟ್ಟರು. ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದೆ, ಬದಲಾಯಿಸಿಬಿಟ್ಟಾರೆಂದು.

ಸಂಜೆ ಹೆಂಡತಿ ಕಾರಿನ ಸುತ್ತ ಒಂದು ಸುತ್ತು ಬಂದಳು. "ಛಲೋ ಅದಾವ್ರಿ," ಎಂದಳು. ಅಷ್ಟರಲ್ಲಿ ಫೋನ್ ಬಂತು, ಸಾಹೇಬರದೇ. ಮತ್ತೆ ಜಗಲಿ, ಮತ್ತೆ ಮೆಲುದನಿ. ಏನಂತೆ ಎಂದರೆ "ಏನಿಲ್ರಿ" ಎಂದಳು. ಆ 'ಏನಿಲ್ಲ'ವನ್ನು ನಾನು ಭಾನುವಾರದವರೆಗೂ ಜಗಿದೆ.

ಭಾನುವಾರ ಯಲ್ಲಾಪುರದ ಬಯಲಿನಲ್ಲಿ ಧೂಳೋ ಧೂಳು. ನನ್ನ ಹೆಲ್ಮೆಟ್ಟು ಹಾಕಿಕೊಂಡು ಅವಳೊಬ್ಬಳೇ ಕಾರಿನಲ್ಲಿ ಕೂತಿದ್ದಳು. ಎದುರು ಗಾಜಿನಲ್ಲಿ ಅವಳ ಮುಖ ಬೇರೆ ಯಾರದೋ ಹಾಗಿತ್ತು. ಬಾವುಟ ಇಳಿಯಿತು. ಮೊದಲ ಎರಡು ತಿರುವು ಅವಳು ತೆಗೆದುಕೊಂಡ ರೀತಿ ನೋಡಿ ನನ್ನ ಬಾಯಲ್ಲಿದ್ದ 'ಸಾವಕಾಶ' ಅಲ್ಲೇ ನಿಂತಿತು. ಇಷ್ಟು ಚೆನ್ನಾಗಿ ಓಡಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮೂರನೆಯದರಲ್ಲಿ ಅವಳು ಸ್ಟೇರಿಂಗ್ ತಿರುಗಿಸಿದಳು, ಕಾರು ತಿರುಗಲಿಲ್ಲ. ನೆಟ್ಟಗೆ ಜಾರಿ ನಾಲ್ಕು ಕೋನು ಉರುಳಿಸಿ ಬಯಲಿನ ಅಂಚಿಗೆ ಹೋಗಿ ನಿಂತಿತು. ಎರಡನೆಯ ಓಟದಲ್ಲಿ ಅವಳು ಶಾಲೆಗೆ ಹೋಗುವವಳಂತೆ ಓಡಿಸಿದಳು, ಒಂದೂ ಕೋನು ಬೀಳಲಿಲ್ಲ. ಪಟ್ಟಿಯಲ್ಲಿ ಕೊನೆಯ ಹೆಸರು ಅವಳದೇ ಆಯಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅನುಮಾನಗಳನ್ನು ಹರಡಿದೆ. ಇವಳ ಸರದಿಗೆ ಮೊದಲು ಮೂರನೇ ತಿರುವಿಗೆ ನೀರು ಚಿಮುಕಿಸಿದರು, ನಾನೇ ನೋಡಿದ್ದೇನೆ. ಗಡಿಯಾರ ಹಿಡಿದವನು ಗೆದ್ದವಳ ಕಡೆಯವನಿರಬೇಕು. ಸಾಹೇಬರಂತೂ ನನ್ನ ಕಣ್ಣು ತಪ್ಪಿಸಿ ಟೈರು ಬದಲಿಸಿದ್ದಾರೆ. ಅವಳು ಮಾತ್ರ, "ಎರಡ್ ತಿರುವು ಛಲೋ ಹೋತಲ್ರೀ?" ಎಂದು ಒಮ್ಮೆ ಕೇಳಿದಳು. ಹೌದು ಎಂದೆ.

ಸೋಮವಾರ ರಜೆ ಇತ್ತು. ಅವಳು ಮಲಗಿದ್ದಾಗಲೇ ಕಾರು ತೆಗೆದು ಜಗಳಕ್ಕೆ ಹೋದೆ. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವತ್ತಿನ ನಾಲ್ಕು ಟೈರುಗಳಲ್ಲಿ ಒಂದನ್ನು ಉರುಳಿಸಿಕೊಂಡು ಬಂದರು. ಅದರ ಮೇಲೆ ಸೀಮೆಸುಣ್ಣದಲ್ಲಿ 'ಅಕ್ಕೋರು' ಎಂದು ಬರೆದಿತ್ತು. ಮೊದಲ ದಿನವೇ ಅವಳಿಗೆಂದು ತೆಗೆದಿಟ್ಟಿದ್ದಂತೆ.

"ನಿಮ್ಮ ಅಡಿಕೆ ಒಣಗಬೇಕು ಅಣ್ಣಾ. ಇದು ಒಣಗಬಾರ್ದು," ಎಂದರು. "ಒಣಗಿದ್ ರಬ್ಬರ್ ನೆಲ ಹಿಡಿಯಲ್ಲ. ಗುರುವಾರ ಸಂಜೆನೇ ಅಕ್ಕೋರಿಗೆ ಫೋನ್ ಮಾಡ್ದೆ, ಕಾರ್ ಕಳ್ಸಿ, ಬದಲ್ಸಿ ಕೊಡ್ತೀನಿ ಅಂದೆ."

"ಏನಂದ್ಲು?"

"ಭಾನುವಾರ ಒಂದಿನ ಇವೇ ಇರ್ಲಿ, ಸೋಮವಾರ ಬರ್ತೀನಿ ಅಂದ್ರು. ನನ್ ಗಾಡಿಗೆ ಅಂತ ನಮ್ಮವ್ರು ಕೈಯಾರೆ ತಂದಿದ್ದು ಇದೇ ಮೊದ್ಲು, ಬಿಚ್ಚಿದ್ರೆ ಬೇಜಾರ್ ಮಾಡ್ಕೋತಾರೆ ಅಂದ್ರು."

ಕುರ್ಚಿ ಒರೆಸದೆ ಕೂತುಬಿಟ್ಟೆ. ಜಾರುತ್ತದೆಂದು ಗೊತ್ತಿದ್ದೂ ಅವಳು ಆ ಬಯಲಿಗೆ ಇಳಿದಿದ್ದಳು. ತನಗೆ ಎಷ್ಟು ಬರುತ್ತದೆ ಎಂದು ನೋಡಲು ಹೋದವಳು ನನ್ನ ಬೇಜಾರನ್ನು ನೋಡಿಕೊಂಡು ಬಂದಿದ್ದಳು. ನನಗೆ ನಾಚಿಕೆಯಾಯಿತು. ಆ ಫೋನಿನ ಬಗ್ಗೆ ನಾನು ಏನೇನು ಯೋಚಿಸಿದ್ದೆನೋ ಅದನ್ನು ಇಲ್ಲಿ ಬರೆಯಲಾರೆ.

"ಹಾಕ್ರಿ," ಎಂದೆ. ಸಾಹೇಬರು ಹಾಕಿದರು. ರಿಮ್ಮು ಕಬ್ಬಿಣದ್ದೇ ಇರಲಿ, ಬಗ್ಗಿದರೆ ಬಡಿದು ಸರಿ ಮಾಡಬಹುದು, ಸಿದ್ದಾಪುರದ ರಸ್ತೆಗೆ ನಿಮ್ಮ ಆಯ್ಕೆಯೇ ಸರಿ ಎಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂಬ ಅನುಮಾನ ಬಂತು. ಆದರೂ ಅವರು ಬೋಲ್ಟು ಬಿಗಿಯುವಾಗ ನಾನು ಬೀದಿಯ ಕಡೆ ಮುಖ ಮಾಡಿ ಚಹಾ ಕುಡಿದೆ.

ಮನೆಗೆ ಬಂದಾಗ ಅವಳು ಅಂಗಳದಲ್ಲಿದ್ದಳು. ಬಗ್ಗಿ ಟೈರಿಗೆ ಉಗುರು ಊರಿದಳು. ಇಳಿಯಿತು.

"ಪರೀಕ್ಷಾ ಮಾಡಿ ತಂದೀರೇನ್ರಿ?"

"ಇಲ್ಲ. ಅವರು ಕೊಟ್ಟಿದ್ದು ತಂದೆ."

ಅವಳು ನೆಟ್ಟಗೆ ನಿಂತು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು, ಇಪ್ಪತ್ತಾರು ವರ್ಷ ಅದೇ ನನ್ನ ಕಸುಬು.

"ಖರೇ ಹೇಳ್ರಿ," ಎಂದಳು. "ಏನ್ ತಪ್ಪು ಮಾಡಿ ಬಂದೀರಿ?"