ನನ್ನ ಪರವಾಗಿ ಮಾತಾಡದ ಜೀವರತ್ನಮ್ಮ

ನಮಗೊಂದು ಪ್ರಶ್ನೆ ಕೇಳಿದ ಕೂಡಲೇ ಜೀವರತ್ನಮ್ಮ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. "ಈಗ ನೀವ್ಯಾರೂ ನನಗೆ ಕಾಣಲ್ಲ. ಧೈರ್ಯವಾಗಿ ನಿಮಗನ್ನಿಸಿದ್ದು ಹೇಳಿ."

ಐವತ್ತರ ದಶಕದ ಕೊನೆ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಅವರ ಮನೆ ಮಂಡಿ ಮೊಹಲ್ಲಾದಲ್ಲಿ, ಕೊಬ್ಬರಿ ಅಂಗಡಿಯೊಂದರ ಮಹಡಿಯಲ್ಲಿತ್ತು. ಶನಿವಾರ ಮಧ್ಯಾಹ್ನ ನಾವು ನಾಲ್ವರು ಹುಡುಗಿಯರು ಅಲ್ಲಿ ಕೂತು, ಇಂಗ್ಲಿಷಿಗೆ ಬಂದಿದ್ದ ಒಂದು ಡೇನಿಷ್ ಕಾದಂಬರಿ ಓದುತ್ತಿದ್ದೆವು. ನಾಯಕಿ ಬಂದರು ಪಟ್ಟಣವೊಂದರ ರೊಟ್ಟಿ ಅಂಗಡಿಯವನ ಮಗಳು. ಅಪ್ಪ ಹೇಳಿದಂತೆ ಬೆಳೆದು, ಗಂಡ ಹೇಳಿದಂತೆ ಬಾಳಿ, ಮಗ ಹೇಳಿದಂತೆ ಮುದುಕಿಯಾಗುತ್ತಾಳೆ. ಊರೆಲ್ಲ ಅವಳನ್ನು ಹೊಗಳುತ್ತದೆ.

"ಸುಖವಾಗೇ ಇದ್ಳಲ್ಲ ಮೇಡಂ?" ಎಂದೆ.

"ಅವಳೊಳಗೆ ಅವಳೇ ಇಲ್ಲ. ಇಲ್ಲ ಅನ್ನೋದೂ ಅವಳಿಗೆ ಗೊತ್ತಿಲ್ಲ. ಹತಾಶೆ ಅಂದ್ರೆ ಅಳೋದಲ್ಲ ಕಣಮ್ಮ, ಇದು."

ಕ್ರೈಸ್ತ ಚಿಂತಕರನ್ನು ಓದಿ ಅವರು ನಂಬಿದ್ದು ಇಷ್ಟು: 'ನಾನು' ಎಂಬುದು ಹುಟ್ಟಿನೊಂದಿಗೆ ಸಿಗುವುದಿಲ್ಲ, ಆರಿಸಿಕೊಳ್ಳಬೇಕು, ದೇವರ ಮುಂದೆ ಪ್ರತಿಯೊಬ್ಬರೂ ಒಂಟಿಯಾಗಿ ನಿಲ್ಲಬೇಕು.

"ನಾನು ಕ್ರೈಸ್ತಳಲ್ಲವಲ್ಲ?" ಎಂದು ಕೇಳಿದೆ.

"ಯಾರ ಮುಂದೆ ನಿಲ್ತೀಯೋ ನೀನೇ ನೋಡ್ಕೋ. ನಿನ್ನ ಬದಲು ನಾನಂತೂ ನಿಲ್ಲಕ್ಕಾಗಲ್ಲ."

ಆ ಮಾತಿನ ಬಿಸಿ ತಟ್ಟಿದ್ದು ನನ್ನ ಮದುವೆ ಗೊತ್ತಾದಾಗ. ನನಗೆ ಎಂ.ಎ. ಓದುವ ಆಸೆ. ಅಪ್ಪ ದೇವರಾಜ ಮೊಹಲ್ಲಾದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದವರು. ಅವರೆದುರು ನಾನು ಎಂದೂ ಬಾಯಿ ತೆರೆದವಳಲ್ಲ. ಮೇಡಂ ಬಳಿ ಓಡಿಹೋಗಿ ಬೇಡಿಕೊಂಡೆ. "ನೀವು ಬಂದು ಹೇಳಿ. ನೀವಂದ್ರೆ ಅಪ್ಪನಿಗೆ ಗೌರವ."

"ಬರಲ್ಲ. ಆಗ ನೀನು ಅಪ್ಪನ ಮಾತಿನ ಬದಲು ನನ್ನ ಮಾತು ಕೇಳಿದ ಹಾಗಾಗುತ್ತೆ, ಅಷ್ಟೆ."

ಸಿಟ್ಟು, ಅಳು ಎರಡನ್ನೂ ನುಂಗಿಕೊಂಡು ಕೃಷ್ಣಮೂರ್ತಿಪುರದ ನಮ್ಮ ಮನೆಗೆ ನಡೆದೇ ಹೋದೆ. ಕಾಫಿ ಕುಡಿಯುತ್ತಿದ್ದ ಅಪ್ಪನ ಎದುರು ನಿಂತು, ಈಗ ಮದುವೆ ಬೇಡ, ಓದುತ್ತೇನೆ ಎಂದು ಹೇಳಿಯೇಬಿಟ್ಟೆ. ಅಪ್ಪ ಲೋಟ ಕೆಳಗಿಟ್ಟರು.

"ಇಷ್ಟು ದಿನ ಈ ಬಾಯಿ ಎಲ್ಲಿತ್ತೇ?"

ಎರಡು ವಾರ ನನ್ನೊಡನೆ ಮಾತು ಬಿಟ್ಟರು. ಆಮೇಲೆ ತಾವೇ ಹೋಗಿ ಗಂಡಿನ ಕಡೆಯವರಿಗೆ ಕೈಮುಗಿದು, ಮದುವೆ ಬೇಡವೆಂದು ಹೇಳಿ ಬಂದರು.

ನಾನೂ ಪಾಠ ಹೇಳುವ ಕೆಲಸಕ್ಕೆ ಸೇರಿದ ವರ್ಷ ಮೇಡಂ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಅದೇ ಕೊನೆಯ ಭೇಟಿ. "ಅವತ್ತು ನೀವು ಬರದೇ ಇದ್ದದ್ದೇ ದೊಡ್ಡ ಉಪಕಾರ" ಎಂದು ಅವರ ಕಾಲು ಮುಟ್ಟಿದೆ. ಅವರು ನಾಚಿಕೊಂಡವರಂತೆ ಗೋಡೆಯ ಕಡೆ ತಿರುಗಿದರು.

"ಬಂದಿದ್ದೆ ಕಣೇ. ಮನಸ್ಸು ತಡೀಲಿಲ್ಲ, ನಿನ್ನ ಹಿಂದೇನೇ ಜಟಕಾ ಮಾಡ್ಕೊಂಡು ಬಂದೆ. ಬಾಗಿಲು ತಟ್ಟೋಕೆ ಕೈ ಎತ್ತಿದ್ದೆ, ಒಳಗಿಂದ ನಿನ್ನ ದನಿ ಕೇಳಿಸ್ತು. ವಾಪಸ್ ಹೋಗ್ಬುಟ್ಟೆ."